ಕಾಲಂ ಮೂರು, ಫಾರಿನ್ ಕೀ ಒಂದೇ

ಪ್ರಶ್ನೆ: ಡೇಟಾಬೇಸ್ ಕೆಲಸಕ್ಕೆ ಪೈಥಾನ್‌ನ ಎಸ್‌ಕ್ಯೂಎಲ್ ಆಲ್ಕೆಮಿ ಲೈಬ್ರರಿ ಬಳಸುತ್ತಿದ್ದೇನೆ. ‘ಜಮೀನು’ ಟೇಬಲ್‌ಗೆ ಊರಿನ ಕೋಡ್, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಮೂರೂ ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿನ ಗುರುತು. ‘ಬೆಳೆ’ ಟೇಬಲ್‌ನಲ್ಲೂ ಇದೇ ಮೂರು ಕಾಲಂ ಇಟ್ಟು ಒಂದೊಂದಕ್ಕೂ ಫಾರಿನ್‌ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ) ಬರೆದೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಟೇಬಲ್ ಆಯಿತು, ಆದರೆ ಪೈಥಾನ್‌ನಲ್ಲಿ ಎರಡನ್ನೂ ಜೋಡಿಸಲು ರಿಲೇಶನ್‌ಶಿಪ್ ಹಾಕಿದರೆ ಆಂಬಿಗ್ಯುಯಸ್ ಫಾರಿನ್ ಕೀಸ್ ಎರರ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಂತೂ ಟೇಬಲ್ಲೇ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಬರೆದಿರುವುದು ಬೇರೆ ಬೇರೆ ಮೂರು ಫಾರಿನ್ ಕೀ. ನಿಮಗೆ ಬೇಕಿರುವುದು ಮೂರು ಕಾಲಂ ಸೇರಿದ ಒಂದು. ಸರ್ವೆ ನಂಬರ್ 45 ಎಷ್ಟೋ ಊರುಗಳಲ್ಲಿ ಇರುತ್ತದೆ, ಅಲ್ವಾ? ಅದೊಂದನ್ನೇ ಹಿಡಿದು ಯಾವ ಜಮೀನು ಅಂತ ಹೇಳಲು ಬರುವುದಿಲ್ಲ. ಪೋಸ್ಟ್‌ಗ್ರೆಸ್ ತಕರಾರೂ ಅದೇ. ಎಸ್‌ಕ್ಯೂಲೈಟ್ ಸುಮ್ಮನಿದ್ದದ್ದು ಯಾಕೆಂದರೆ ಟೇಬಲ್ ಮಾಡುವಾಗ ಅದು ಇದನ್ನು ನೋಡುವುದೇ ಇಲ್ಲ. ಸಾಲು ಹಾಕುವಾಗಿನ ಫಾರಿನ್ ಕೀ ತಪಾಸಣೆಯೂ ಅಲ್ಲಿ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ, ಪ್ರಾಗ್ಮಾ ಎಂಬ ಆದೇಶ ಕೊಟ್ಟು ನಾವೇ ಆನ್ ಮಾಡಬೇಕು.

ಎರರ್ ಹೋಗಲಿ ಅಂತ ರಿಲೇಶನ್‌ಶಿಪ್‌ಗೆ ಪ್ರೈಮರಿಜಾಯಿನ್ (ನಾವೇ ಬರೆದುಕೊಡುವ ಜೋಡಣೆಯ ಷರತ್ತು) ಹಚ್ಚಲು ಹೋಗಬೇಡಿ. ಪೈಥಾನ್ ಬಾಯಿ ಮುಚ್ಚುತ್ತದೆ, ಡೇಟಾಬೇಸ್‌ನಲ್ಲಿ ತಪ್ಪು ಹಾಗೇ ಉಳಿಯುತ್ತದೆ. ಕಾಲಂಗಳ ಮೇಲಿರುವ ಫಾರಿನ್‌ಕೀ ಮೂರನ್ನೂ ಅಳಿಸಿ, ಕ್ಲಾಸ್‌ನ ಟೇಬಲ್ ಆರ್ಗ್ಸ್ (__table_args__) ಒಳಗೆ ಒಂದೇ ಒಂದು ಫಾರಿನ್‌ಕೀಕನ್‌ಸ್ಟ್ರೇಂಟ್ ಬರೆಯಿರಿ: ಮೊದಲ ಪಟ್ಟಿಯಲ್ಲಿ ಬೆಳೆಯ ಮೂರು ಕಾಲಂ, ಎರಡನೆಯದರಲ್ಲಿ ಜಮೀನಿನ ಮೂರು, ಅದೇ ಸರದಿಯಲ್ಲಿ. ಟೇಬಲ್ ಆರ್ಗ್ಸ್ ಟ್ಯೂಪಲ್ (ಪೈಥಾನ್‌ನ ಒಂದು ಬಗೆಯ ಪಟ್ಟಿ) ಆಗಿರಬೇಕು, ಹಾಗಾಗಿ ಕೊನೆಯ ಕಾಮಾ ಮರೆಯಬೇಡಿ (ಇದಕ್ಕೇ ಅರ್ಧ ದಿನ ಕಳೆಯುವವರಿದ್ದಾರೆ). ಆಮೇಲೆ ರಿಲೇಶನ್‌ಶಿಪ್‌ಗೆ ಬೇರೇನೂ ಹೇಳಬೇಕಾಗಿಲ್ಲ.

ನಿಜವಾದ ಕಾಟ ಹಿಸ್ಸಾದಲ್ಲಿದೆ. ಹಿಸ್ಸಾ ಇಲ್ಲದ ಸರ್ವೆ ನಂಬರ್‌ಗಳೂ ಇರುತ್ತವೆ. ಅಲ್ಲಿ ಬೆಳೆ ಟೇಬಲ್‌ನಲ್ಲಿ ನಲ್ (ಬೆಲೆಯೇ ಇಲ್ಲದ ಖಾಲಿ) ಬಿಟ್ಟಿರೋ, ಪೋಸ್ಟ್‌ಗ್ರೆಸ್ ಉಳಿದ ಎರಡು ಕಾಲಂಗಳನ್ನೂ ನೋಡುವುದಿಲ್ಲ. ಮೂರರಲ್ಲಿ ಒಂದು ನಲ್ ಆದರೂ ತಪಾಸಣೆಯೇ ಇಲ್ಲ, ಇಲ್ಲದ ಊರಿನ ಇಲ್ಲದ ಸರ್ವೆ ನಂಬರ್ ಹಾಕಿದರೂ ಸಾಲು ಒಳಗೆ ಹೋಗುತ್ತದೆ! ಫಾರಿನ್ ಕೀಗೆ ಮ್ಯಾಚ್ ಫುಲ್ ಅಂತ ಕೊಟ್ಟರೆ ಅರೆಬರೆ ನಲ್ ಇರುವ ಸಾಲನ್ನು ಅದು ಒಪ್ಪುವುದಿಲ್ಲ. ಆದರೆ ಪ್ರೈಮರಿ ಕೀ ಕಾಲಂನಲ್ಲಿ ನಲ್ ಇಡಲು ಹೇಗೂ ಬರುವುದಿಲ್ಲವಲ್ಲ, ಜಮೀನು ಟೇಬಲ್‌ನಲ್ಲೇ ಹಿಸ್ಸಾ ಇಲ್ಲದ ಕಡೆ ಒಂದು ನಕ್ಷತ್ರ ಚಿಹ್ನೆ ಹಾಕಿ, ಬೆಳೆ ಟೇಬಲ್‌ನಲ್ಲೂ ಅದನ್ನೇ ಬಳಸಿ, ಮೂರೂ ಕಾಲಂಗೆ ನಲ್ ನಿಷೇಧಿಸಿ. ನಾನಾದರೆ ಹೀಗೇ ಮಾಡುತ್ತೇನೆ. ‘2ಎ’ ಥರದ ಹಿಸ್ಸಾ ಇರುವುದರಿಂದ ಆ ಕಾಲಂ ಎರಡೂ ಕಡೆ ಟೆಕ್ಸ್ಟ್ ಆಗಿರಲಿ.

ಇದೆಲ್ಲ ಜಾಸ್ತಿಯಾಯಿತು ಅನಿಸಿದರೆ ಜಮೀನಿಗೆ ಒಂದು ಐಡಿ ಕೊಟ್ಟು ಅದನ್ನೇ ಫಾರಿನ್ ಕೀ ಮಾಡಬಹುದು. ಆಗಲೂ ಮೂರು ಕಾಲಂಗೆ ಸೇರಿ ಯುನೀಕ್ ನಿರ್ಬಂಧ ಇರಲೇಬೇಕು, ಇಲ್ಲದಿದ್ದರೆ ಒಂದೇ ಜಮೀನು ಎರಡು ಸಲ ಕೂರುತ್ತದೆ. ಹಾಂ, ಫಾರಿನ್ ಕೀ ಕಾಲಂಗಳಿಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಮಾಡುವುದಿಲ್ಲ, ಬೆಳೆ ಟೇಬಲ್‌ಗೆ ಅದನ್ನೂ ಸೇರಿಸಿ.