ಶುಗರ್ ನಾರ್ಮಲ್ ಬಂತು ಅಂತ ಮಾತ್ರೆ ಬಿಡುವ ಅಪ್ಪ

ಕುಮಟಾದಲ್ಲಿರುವ ನಿಮ್ಮ ಅಪ್ಪ ಶುಗರ್ ನಾರ್ಮಲ್ ಬಂದ ಕೂಡಲೇ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಿಡುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ಹಟ ಅಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಅಲ್ವಾ? ಜ್ವರ ಇಳಿದ ಮೇಲೆ ಮಾತ್ರೆ ನಿಲ್ಲಿಸಿ ಅಭ್ಯಾಸವಾದವರಿಗೆ, ಶುಗರ್ ಇಳಿದಿದ್ದೇ ಮಾತ್ರೆಯಿಂದ ಎಂದು ಎಷ್ಟೋ ಸಲ ಯಾರೂ ಕೂತು ಹೇಳಿರುವುದಿಲ್ಲ. ಹೊಟ್ಟೆ ಕೆಡುತ್ತದೆಯಾ ಅಂತಲೂ ಕೇಳಿ. ಮೆಟ್‌ಫಾರ್ಮಿನ್‌ನಿಂದ ತುಂಬಾ ಜನರಿಗೆ ಹಾಗಾಗುತ್ತದೆ, ಡಾಕ್ಟರ ಹತ್ತಿರ ಹೇಳದೆ ಸುಮ್ನೆ ಬಿಟ್ಟುಬಿಡುತ್ತಾರೆ. ಊಟದ ಜೊತೆ ತೆಗೆದುಕೊಂಡರೆ ತೊಂದರೆ ಕಡಿಮೆ; ನಿಧಾನವಾಗಿ ಕರಗುವ ಮಾತ್ರೆಯೂ ಇದೆ, ಡಾಕ್ಟರನ್ನು ಕೇಳಿ. ದುಡ್ಡಿನ ಚಿಂತೆಯಾದರೆ ಜನೌಷಧಿ ಕೇಂದ್ರದಲ್ಲಿ ಅಗ್ಗ. ಗಂಜಿ ಪೂರ್ತಿ ಬಿಡಿ ಅಂತ ಮಾತ್ರ ಹೇಳಬೇಡಿ, ಅನ್ನ ಕಡಿಮೆ ಮಾಡಿ ಮೀನು, ತರಕಾರಿ ಜಾಸ್ತಿ ಬಡಿಸಿ. ಮುಂದಿನ ಸಲ ಸುಮಾರು 3 ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಅಪ್ಪನ ಕೈಗೇ ಕೊಡಿ.