ಅತ್ತೆ ಕೈ ಎತ್ತುವುದು ಯಾವಾಗಿನಿಂದ?

ಇಂಗ್ಲೆಂಡಿನ ಲೆಸ್ಟರ್‌ನಿಂದ ಬಂದ ಈ ಪತ್ರ ಓದಿದ ಮೇಲೆ ಬೇರೆ ಪತ್ರ ತೆರೆಯಲು ಮನಸ್ಸಾಗಲಿಲ್ಲ. ಬರೆದವರು ತೀರ್ಥಹಳ್ಳಿ ಕಡೆಯ ಮನೆಯ ಸೊಸೆ. ಅತ್ತೆಗೆ 78 ವರ್ಷ. ಮೂರು ವರ್ಷದ ಹಿಂದೆ ಡಿಮೆನ್ಶಿಯಾ, ಅಂದರೆ ನೆನಪೂ ಬುದ್ಧಿಯೂ ಕುಂದುವ ಕಾಯಿಲೆ ಎಂದು ಗೊತ್ತಾಯಿತು. ಅಂಗಡಿ, ಬಸ್ಸು ಎಲ್ಲ ಕಡೆ ಇಂಗ್ಲಿಷಿನಲ್ಲಿ ನಿಭಾಯಿಸುತ್ತಿದ್ದವರು ಈಗ ಬರೀ ಕನ್ನಡ ಆಡುತ್ತಾರೆ. ಕೇರ್ ಹೋಮ್ (ಆರೈಕೆಯ ವಸತಿಗೃಹ) ಬಗ್ಗೆ ಯೋಚಿಸಿ ಎಂದು ಅಲ್ಲಿನ ಕೌನ್ಸಿಲ್‌ನವರು (ಸ್ಥಳೀಯ ಆಡಳಿತದವರು) ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಭಾವ, 'ಹೆತ್ತವಳನ್ನು ಹೊರಗೆ ಹಾಕೋದು ಬಿಳಿಯರ ಪದ್ಧತಿ, ಇಲ್ಲಿಗೆ ಕಳಿಸಿ' ಎನ್ನುತ್ತಾರೆ. ಗಂಡ ಬಾಯಿ ಬಿಡುತ್ತಿಲ್ಲ. 'ಕೇರ್ ಹೋಮಿಗೆ ಸೇರಿಸಿದರೆ ನನಗೆ ಪಾಪ ಬರುತ್ತಾ?' ಎಂದು ಕೇಳಿದ್ದಾರೆ.

ಮೂರು ಪುಟದ ನಡುವೆ ಹೀಗೊಂದು ಮಾತಿದೆ: 'ಎರಡು ವಾರದಿಂದ ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ರಾತ್ರಿ ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಅಂತಾರೆ. ಕಾಯಿಲೆ ಜಾಸ್ತಿ ಆಗಿದೆ ಅನ್ನಿಸುತ್ತೆ, ಇರಲಿ.'

ನೋಡಮ್ಮ, ಇದನ್ನು 'ಇರಲಿ' ಅಂತ ಬಿಡುವ ಹಾಗಿಲ್ಲ. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಹೆಚ್ಚುತ್ತದೆ. ಎರಡೇ ವಾರದಲ್ಲಿ ಮನುಷ್ಯರು ಇಷ್ಟು ಬದಲಾದರೆ ದೇಹದಲ್ಲಿ ಬೇರೇನೋ ಆಗಿದೆಯೇ ಎಂದು ಮೊದಲು ನೋಡಬೇಕು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು, ಹೊಸ ಮಾತ್ರೆ, ಎಲ್ಲೋ ಒಂದು ನೋವು, ಯಾರೂ ನೋಡದಾಗ ಬಿದ್ದ ಪೆಟ್ಟು. ಇವುಗಳಿಂದ ಬರುವ ಹಠಾತ್ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಇಲ್ಲದವರು ಕಾಣಿಸುವುದು, ರಾತ್ರಿ ಹೆದರುವುದು, ಕೈ ಎತ್ತುವುದು ಅದರಲ್ಲೂ ಇರುತ್ತದೆ. ಕಾರಣ ಸಿಕ್ಕರೆ ಚಿಕಿತ್ಸೆ ಇದೆ. ವಯಸ್ಸಾದವರಿಗೆ ಜ್ವರವೇ ಬರದೆ ಸೋಂಕು ಇರಬಹುದು. ನಿಮ್ಮ ಅತ್ತೆ ಹಠ ಮಾಡುತ್ತಿಲ್ಲ. ಹೇಳಲಾಗದ ನೋವು ಹೊಡೆತವಾಗಿ ಹೊರಬರುತ್ತಿರಬಹುದು.

ಡಾಕ್ಟರ ಹತ್ತಿರ ಗಂಡನನ್ನು ದುಭಾಷಿ ಮಾಡಬೇಡಿ. ಕನ್ನಡ ಬಲ್ಲ ಮಹಿಳಾ ದುಭಾಷಿ ಬೇಕೆಂದು ಮೊದಲೇ ಕೇಳಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ, ಫೋನಿನಲ್ಲಾದರೂ ಸಿಗುತ್ತಾರೆ. ಮಗನ ಮುಂದೆ ಉರಿಮೂತ್ರದ ಮಾತಾಡುವ ಮಲೆನಾಡಿನ ತಾಯಿಯನ್ನು ನಾನಂತೂ ಕಂಡಿಲ್ಲ. ನೆನಪಿನ ಪರೀಕ್ಷೆ ಮತ್ತೆ ಮಾಡುವುದಾದರೆ ಅದೂ ಕನ್ನಡದಲ್ಲೇ ಆಗಲಿ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಬೇರೆ ಬೇರೆ ಭಾಷೆಯ ಹಿರಿಯರಿಗೆಂದೇ ಸಿಡ್ನಿಯಲ್ಲಿ ರೂಪಿಸಿದ ರುಡಾಸ್ ಎಂಬ ಪರೀಕ್ಷೆ ಇದೆ, ಕೇಳಿ ನೋಡಿ.

ಸ್ನಾನದ ಮಾತು. ಜೀವಮಾನವಿಡೀ ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡವರ ತಲೆಯ ಮೇಲೆ ಒಮ್ಮೆಲೇ ಶವರ್ ಸುರಿದರೆ ಗಾಬರಿಯಾಗುವುದಿಲ್ಲವೇ? ಬಟ್ಟೆ ಬಿಚ್ಚುವವರು ಯಾರು ಎಂದು ಆ ಹೊತ್ತಿಗೆ ಅವರಿಗೆ ತಿಳಿಯುತ್ತಿದೆಯೋ ಇಲ್ಲವೋ. ಬಚ್ಚಲು ಬೆಚ್ಚಗಿರಲಿ. ಜಾರದ ಸ್ಟೂಲು, ಬಕೆಟ್ಟು, ಚೊಂಬು ಇಡಿ. ಲಂಗ ಮೈಮೇಲೆಯೇ ಇರಲಿ. ಮೊದಲು ಕಾಲಿಗೆ ನೀರು ಹಾಕಿ. ಬೇಡ ಎಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ನಿಮ್ಮ ಭಾವ. ನನಗೆ ನಿಜಕ್ಕೂ ಕೋಪ ಬಂದದ್ದು ಅವರ ಮೇಲೆ. ಬೆಂಗಳೂರಿಗೆ ಕಳಿಸಿದರೆ ರಾತ್ರಿ ಎದ್ದು ನೋಡುವವರು ಯಾರು? ಅವರ ಹೆಂಡತಿ ತಾನೇ? ಆಕೆಯನ್ನು ಕೇಳಿದ್ದಾರಾ? ಗುರುತಿರುವ ಮನೆಯಿಂದ ಕಿತ್ತು ವಿಮಾನ ಹತ್ತಿಸಿದರೆ ಗೊಂದಲ ಇನ್ನೂ ಹೆಚ್ಚಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಅವರಲ್ಲಿ ಬಹಳ ಜನರನ್ನು ಮನೆಯ ಒಬ್ಬ ಹೆಂಗಸೇ ನೋಡಿಕೊಳ್ಳುತ್ತಾಳೆ. ನಾವು ಅದನ್ನೇ ಸಂಸ್ಕೃತಿ ಎಂದು ಕರೆದು ಸುಮ್ಮನಾಗುತ್ತೇವೆ. ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ: ಪಕ್ಕದಲ್ಲಿ ಮಲಗಿ ನಾಲ್ಕು ರಾತ್ರಿ ನಿದ್ದೆಗೆಡದವರಿಗೆ ಸಲಹೆ ಕೊಡುವ ಹಕ್ಕಿಲ್ಲ. ಭಾವ ಎರಡು ವಾರ ರಜೆ ಹಾಕಿ ಬರಲಿ. ಗಂಡನೂ ಅಷ್ಟೆ, ವಾರಕ್ಕೆ ಮೂರು ರಾತ್ರಿ ಅವರ ಪಾಳಿ.

ಕೇರ್ ಹೋಮ್ ಪಾಪವಲ್ಲ. ಮುಂದೆ ಬೇಕಾಗಬಹುದು. ಆಗ 'ಏಷ್ಯನ್ ಹೋಮ್' ಎಂಬ ಬೋರ್ಡು ನೋಡಿ ಸಮಾಧಾನಪಡಬೇಡಿ. ಲೆಸ್ಟರ್‌ನಲ್ಲಿ ಗುಜರಾತಿಗಳು ಜಾಸ್ತಿ. ಅನ್ನ, ತಿಳಿಸಾರು ಬೇಡುವ ನಿಮ್ಮ ಅತ್ತೆಗೆ ಗುಜರಾತಿ ಮಾತೂ ಊಟವೂ ಪರದೇಶವೇ. 'ನೀರು', 'ನೋವು', 'ಬಚ್ಚಲು' ಎಂಬಷ್ಟನ್ನಾದರೂ ಸಿಬ್ಬಂದಿ ಕಲಿಯುತ್ತಾರಾ ಕೇಳಿ. ಅಲ್ಲಿನ 2014ರ ಕೇರ್ ಆಕ್ಟ್ ಎಂಬ ಕಾಯ್ದೆಯ ಪ್ರಕಾರ ಆರೈಕೆ ಮಾಡುವ ನಿಮ್ಮ ಅಗತ್ಯಗಳನ್ನೂ ಕೌನ್ಸಿಲ್ ಪರಿಶೀಲಿಸಬೇಕು. ಹಾಗಂತ ಬರೆದು ಕೇಳಿ.

ಇದೆಲ್ಲ ಆಮೇಲೆ. ಅತ್ತೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಈಗಲೇ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ಹಾಗಿಲ್ಲದಿದ್ದರೆ ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತಲೇ ಜಿಪಿಗೆ (ನಿಮ್ಮ ಮಾಮೂಲಿ ಡಾಕ್ಟರಿಗೆ) ಫೋನ್ ಮಾಡಿ, 'ಎರಡು ವಾರದ ಹಿಂದೆ ಇವರು ಹೀಗಿರಲಿಲ್ಲ, ಇವತ್ತೇ ನೋಡಬೇಕು' ಎನ್ನಿ. ಕಾರಣ ತಿಳಿಯುವವರೆಗೆ ಕೇರ್ ಹೋಮಿನ ಕಾಗದಕ್ಕೂ ಸಹಿ ಬೇಡ, ವಿಮಾನದ ಟಿಕೆಟ್ಟೂ ಬೇಡ.