ಬೀದಿಗೆ ಫೈಬರ್ ಕೇಬಲ್ ಬರುವಾಗ ಕೈತೋಟ ಉಳ್ಳವರು ಗಮನಿಸಬೇಕಾದದ್ದು

ರಸ್ತೆಯಂಚಿನಲ್ಲಿ ಬಣ್ಣದ ಗುರುತುಗಳು ಬಿದ್ದಿವೆ, ಫೈಬರ್ ಇಂಟರ್‌ನೆಟ್ ಕೇಬಲ್ ಹಾಕುವವರು ಬರಲಿದ್ದಾರೆ, ಬೇಲಿಯ ಪಕ್ಕದ ಹೂವಿನ ಪಾತಿ ಮತ್ತು ಹನಿ ನೀರಾವರಿಯ ಪೈಪುಗಳ ಗತಿ ಏನು ಎಂದು ನೀವು ಕೇಳಿದ್ದೀರಿ. ಈ ಕೆಲಸದಲ್ಲಿ ತೋಟಕ್ಕೆ ಆಗುವ ಹಾನಿಯ ಬಹುಪಾಲನ್ನು ಕೆಲಸಗಾರರು ಬರುವ ಮೊದಲೇ ತಪ್ಪಿಸಬಹುದಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಆ ಗುರುತುಗಳು ಸಾಮಾನ್ಯವಾಗಿ ನೆಲದಡಿ ಈಗಾಗಲೇ ಇರುವ ನೀರು, ವಿದ್ಯುತ್, ಗ್ಯಾಸ್ ಮತ್ತು ಒಳಚರಂಡಿ ಮಾರ್ಗಗಳನ್ನು ತೋರಿಸುತ್ತವೆ. ಆದರೆ ನೀವೇ ಹೂತ ಡ್ರಿಪ್ ಪೈಪು, ಪಂಪಿಗೆ ಎಳೆದ ವೈರು, ತೋಟದ ದೀಪದ ತಂತಿ ಇವು ಯಾವ ಸಾರ್ವಜನಿಕ ನಕ್ಷೆಯಲ್ಲಿಯೂ ಇರುವುದಿಲ್ಲ. ಬರೀ ಪ್ಲಾಸ್ಟಿಕ್ ಪೈಪಾದರೆ ಲೋಹ ಪತ್ತೆ ಮಾಡುವ ಉಪಕರಣಕ್ಕೂ ಸಿಗುವುದಿಲ್ಲ. ಆದ್ದರಿಂದ ಪೈಪು ಹಾದುಹೋದ ದಾರಿಯುದ್ದಕ್ಕೂ ಕಡ್ಡಿಗಳನ್ನು ನೆಟ್ಟು ಎದ್ದು ಕಾಣುವ ಬಟ್ಟೆಯ ಚೂರು ಕಟ್ಟಿ, ವಾಲ್ವ್ ಮತ್ತು ತಿರುವುಗಳಿರುವ ಕಡೆ ಒಂದೊಂದು ಕಡ್ಡಿ ಹೆಚ್ಚಿಗೆ ನೆಡಿ. ಪಾತಿ, ಕಟ್ಟೆ, ಹಾಸುಗಲ್ಲುಗಳು ಈಗ ಹೇಗಿವೆಯೋ ಹಾಗೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ನಂತರ ರಿಪೇರಿಗಾಗಿ ಕೇಳುವಾಗ ಬಾಯಿಮಾತಿಗಿಂತ ಫೋಟೊಗೆ ಹೆಚ್ಚು ಬೆಲೆ.

ಹಾನಿ ಎಷ್ಟೆಂಬುದು ಅಗೆಯುವ ವಿಧಾನದ ಮೇಲೆ ನಿಂತಿದೆ. ತೆರೆದ ಕಾಲುವೆ ತೋಡಿದರೆ ಅದರ ದಾರಿಯಲ್ಲಿರುವ ಗಿಡಗಳು ಉಳಿಯುವುದಿಲ್ಲ, ಅವನ್ನು ಮೊದಲೇ ಬೇರುಮಣ್ಣಿನ ಸಮೇತ ಕುಂಡಕ್ಕೆ ಎತ್ತಿಡಬೇಕು. ರಸ್ತೆಯ ಟಾರಿನಲ್ಲಿಯೇ ಯಂತ್ರದಿಂದ ಸಣ್ಣ ಸೀಳು ಮಾಡಿ ಕೇಬಲ್ ಇಳಿಸಿದರೆ ತೋಟದವರು ಹೆಚ್ಚು ಚಿಂತಿಸಬೇಕಿಲ್ಲ. ಮೂರನೆಯದು, ಎರಡು ಗುಂಡಿಗಳ ನಡುವೆ ನೆಲದಡಿಯಲ್ಲೇ ಅಡ್ಡಲಾಗಿ ಕೊರೆಯುವ ವಿಧಾನ. ಮೇಲಿನ ಹುಲ್ಲು ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ತೋಟದ ದೃಷ್ಟಿಯಿಂದ ನನಗೆ ಇದೇ ಉತ್ತಮವೆನಿಸುತ್ತದೆ. ಆದರೆ ಕೊರೆಯುವಾಗ ಒತ್ತಡದಲ್ಲಿ ಹಾಯಿಸುವ ಬೆಂಟೊನೈಟ್ ಜೇಡಿಯ ರಾಡಿ ಕೆಲವೊಮ್ಮೆ ಬಿರುಕು ಹುಡುಕಿಕೊಂಡು ಪಾತಿಯ ನಡುವೆ ಉಕ್ಕುತ್ತದೆ. ಒಣಗಿದ ಮೇಲೆ ಅದು ನೀರು ಇಂಗದ ಪದರವಾಗುವುದರಿಂದ ಹಸಿಯಿರುವಾಗಲೇ ಸಲಿಕೆಯಿಂದ ಎತ್ತಿಸಬೇಕು, ನೀರು ಬಿಟ್ಟು ತೊಳೆದರೆ ಮಣ್ಣಿನೊಳಕ್ಕೆ ಇನ್ನಷ್ಟು ಇಳಿಯುತ್ತದೆ.

ಮರಗಳಿದ್ದರೆ ಮೇಸ್ತ್ರಿಯೊಡನೆ ಮೊದಲೇ ಮಾತಾಡಿ. ಹೆಬ್ಬೆರಳಿಗಿಂತ ದಪ್ಪದ ಬೇರುಗಳನ್ನು ಯಂತ್ರ ಎಳೆದು ಸಿಗಿಯುವುದಕ್ಕಿಂತ, ಅಲ್ಲಿ ಕೈಯಿಂದ ಅಗೆದು ಬೇರಿನ ಅಡಿಯಿಂದ ಕೊಳವೆ ತೂರಿಸುವುದು ಸಾಧ್ಯ. ಮುಚ್ಚಿದ ಕಾಲುವೆಯ ಮಣ್ಣು ಮೊದಲ ಮಳೆಗಳಲ್ಲಿ ಕುಸಿಯುವುದು ಸಹಜವಾದ್ದರಿಂದ ಅದರ ಮೇಲೆ ಕೂಡಲೇ ಗಿಡ ನೆಡಬೇಡಿ, ಕಲ್ಲು ಹಾಸಬೇಡಿ.

ಕಾಲುವೆ ಮುಚ್ಚಿದೊಡನೆ ಇಂಟರ್‌ನೆಟ್ ಬರುತ್ತದೆಂದು ಎಣಿಸಬೇಡಿ. ಸಾಮಾನ್ಯವಾಗಿ ಮೊದಲು ಖಾಲಿ ಕೊಳವೆ ಹೂಳುತ್ತಾರೆ, ಆಮೇಲೆ ಬೇರೊಂದು ತಂಡ ಬಂದು ಗಾಳಿಯ ಒತ್ತಡದಿಂದಲೋ ಎಳೆದೋ ಕೇಬಲ್ ತೂರಿಸುತ್ತದೆ. 125 ಮೈಕ್ರಾನ್ ವ್ಯಾಸದ ಗಾಜಿನ ಎಳೆಗಳ ತುದಿಗಳನ್ನು ಕರಗಿಸಿ ಒಂದಕ್ಕೊಂದು ಬೆಸೆಯುವುದು ಮತ್ತೊಂದು ಹಂತ. ಮನೆಯವರೆಗಿನ ಸಂಪರ್ಕ ಕೊನೆಯದು. ಈ ನಡುವೆ ವಾರಗಟ್ಟಲೆ ಯಾರೂ ಸುಳಿಯದಿದ್ದರೆ ಕೆಲಸ ನಿಂತುಹೋಯಿತೆಂದು ಅರ್ಥವಲ್ಲ. ಮನೆಯೊಳಗೆ ಗೋಡೆಗೆ ಕೂರಿಸುವ ಪೆಟ್ಟಿಗೆಗೆ ವಿದ್ಯುತ್ ಬೇಕಾಗುವುದರಿಂದ ಪ್ಲಗ್ ಇರುವ ಜಾಗವನ್ನು ಮೊದಲೇ ಗೊತ್ತುಮಾಡಿಡಿ. ಕರೆಂಟ್ ಹೋದಾಗಲೂ ಸಂಪರ್ಕ ಬೇಕಿದ್ದರೆ ಆ ಪೆಟ್ಟಿಗೆ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಬೇಕು.

ನಮ್ಮಂಥವರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಬೀದಿಯಿಂದ ಮನೆಗೆ ಬರುವ ಆ ಕೊನೆಯ ತೆಳು ಕೇಬಲನ್ನು. ರಸ್ತೆಯ ಮುಖ್ಯ ಕೊಳವೆಯಷ್ಟು ಆಳಕ್ಕೆ ಅದನ್ನು ಸಾಮಾನ್ಯವಾಗಿ ಹೂಳುವುದಿಲ್ಲ, ಎಷ್ಟೋ ಕಡೆ ಒಂದು ಗೇಣಿನಷ್ಟೇ ಕೆಳಗಿರುತ್ತದೆ. ಗಿಡದ ಗುಂಡಿ ತೋಡುವ ಹಾರೆಯ ಒಂದೇ ಏಟಿಗೆ ಅದು ತುಂಡಾಗುತ್ತದೆ. ಹೂಳುವ ಮೊದಲೇ ಪಾತಿಗಳನ್ನು ಬಿಟ್ಟು ಕಾಲುದಾರಿಯ ಅಥವಾ ಗೋಡೆಯ ಅಂಚಿನಲ್ಲಿ ಬರಲೆಂದು ಕೇಳಿ, ಸಾಧ್ಯವಾದರೆ ಗಟ್ಟಿ ಕೊಳವೆಯೊಳಗೆ ಹಾಕಿಸಿಕೊಳ್ಳಿ. ಮಣ್ಣು ಮುಚ್ಚುವ ಮುನ್ನ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂಬುದು ಕಾಣುವಂತೆ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ.

ಮುಂದೆಂದಾದರೂ ಗುದ್ದಲಿ ತಾಗಿ ಕೇಬಲ್ ಕಡಿದುಹೋದರೆ ವಿದ್ಯುತ್ ತಂತಿಯಂತೆ ತಿರುಚಿ ಜೋಡಿಸಲು ಆಗುವುದಿಲ್ಲ. ತುದಿಯನ್ನು ಕಣ್ಣಿನ ಬಳಿ ತಂದು ನೋಡಬೇಡಿ, ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣಿಸುವಂಥದ್ದಲ್ಲ. ಬರಿಗೈಯಿಂದಲೂ ಮುಟ್ಟಬೇಡಿ, ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ. ಕಡಿದ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ಕಂಪನಿಗೆ ತಿಳಿಸಿ, ಬೆಸೆಯುವವರು ಬರುವವರೆಗೆ ಆ ಗುಂಡಿಯನ್ನು ಮುಚ್ಚಬೇಡಿ.